ಬಿನ್ನಿ ಮಿಲ್ಲಿನವರ ಮುಖ ಎಲ್ಲಿ?

ಬಿನ್ನಿಪೇಟೆಗೆ ಹೆಸರು ಕೊಟ್ಟ ಮಿಲ್ಲು ಈಗಿಲ್ಲ. 1884ರಲ್ಲಿ ಶುರುವಾಗಿ ಸೈನ್ಯಕ್ಕೆ ಖಾಕಿ, ಊರಿಗೆ ಕಂಬಳಿ ಒದಗಿಸಿದ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದಿವೆ. ಏಳಲಿ, ಊರು ಬೆಳೀಬೇಕು. ಆದರೆ ಶಿಫ್ಟಿನ ಮೇಲೆ ಶಿಫ್ಟು ಮಗ್ಗದ ಮುಂದೆ ನಿಂತು ಸವೆದ ಸಾವಿರಾರು ಜನರ ಮುಖ ನೋಡೋಣವೆಂದರೆ ಪೇಟೆಯಲ್ಲಿ ಅದಕ್ಕೊಂದು ಗೋಡೆಯಾದರೂ ಉಂಟೆ?

ಇಂಥ ಮುಖಗಳಿಗೆ ಬೆಲೆ ಕೊಟ್ಟ ಕನ್ನಡಿಗರೊಬ್ಬರಿದ್ದರು, ಟಿ.ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1948ರಲ್ಲಿ ಶುರುವಾದ ‘ಡೆಕ್ಕನ್ ಹೆರಾಲ್ಡ್’ನ ಆರಂಭದ ದಿನಗಳಲ್ಲೇ ಅಲ್ಲಿ ಕ್ಯಾಮೆರಾ ಹಿಡಿದರು. ಪತ್ರಿಕೆಯಲ್ಲಿ ಫೋಟೋ ಅಂದ್ರೆ ಮಂತ್ರಿಗಳು ಟೇಪು ಕತ್ತರಿಸೋದು, ಹಾರ ಹಾಕಿಸಿಕೊಳ್ಳೋದು. (ಈಗಲೂ ಅಷ್ಟೇ ಅನ್ನುವವರ ಬಾಯಿ ಮುಚ್ಚಿಸುವುದು ಕಷ್ಟ.) ಸತ್ಯನ್ ಕ್ಯಾಮೆರಾ ಬೀದಿಯ ಮಕ್ಕಳ ಕಡೆ, ದುಡಿಯುವವರ ಕಡೆ ತಿರುಗಿತು.

ವಿಶ್ವ ಆರೋಗ್ಯ ಸಂಸ್ಥೆ, ಯೂನಿಸೆಫ್‌ಗಳಿಗಾಗಿ ಅವರು ಹಳ್ಳಿಹಳ್ಳಿ ತಿರುಗಿದರು. ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನಸೊಪ್ಪು ಕಟ್ಟಿ ಸುಮ್ಮನಿರುತ್ತಿದ್ದ ಕಾಲ. ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು ಹಿಡಿದು, ಇಂಥ ಗುಳ್ಳೆ ಎಲ್ಲಾದರೂ ಕಂಡಿರಾ ಎಂದು ಮನೆಮನೆ ಕೇಳುತ್ತಿದ್ದರು. ಓದು ಬಾರದವರಿಗೂ ಚಿತ್ರ ತಿಳಿಯುತ್ತಿತ್ತು. 1975ರ ನಂತರ ದೇಶದಲ್ಲಿ ಸಿಡುಬು ಕಾಣಲಿಲ್ಲ. ಫೋಟೋ ಬರೀ ಶೋಕಿಯಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

1977ರಲ್ಲಿ ಸತ್ಯನ್‌ಗೆ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲೇ ನಡೆಯಿತು. 2009ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ನಮ್ಮ ಮಕ್ಕಳ ಮುಖ ನ್ಯೂಯಾರ್ಕಿನವರಿಗೆ ಕಂಡಿತು. ಬಿನ್ನಿಪೇಟೆಯ ತಾತಂದಿರ ಮುಖ ಬಿನ್ನಿಪೇಟೆಗೇ ಕಾಣದಿದ್ದರೆ ಹೇಗೆ? ಚಿತ್ರಗಳು ಇಲ್ಲದೆ ಏನಿಲ್ಲ. ಟ್ರಂಕಿನ ತಳದಲ್ಲಿ, ದೇವರ ಗೂಡಿನ ಪಕ್ಕದಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಇರುತ್ತವೆ: ರಿಟೈರಾದ ದಿನದ ಗ್ರೂಪ್ ಫೋಟೋ, ಆಯುಧಪೂಜೆ ದಿನ ಮೆಷಿನ್ ಮುಂದೆ ನಿಂತದ್ದು. ನಗರ ಪಾಲಿಕೆ ಒಂದು ಕೋಣೆ, ಒಂದು ಸ್ಕ್ಯಾನರು ಕೊಟ್ಟರೆ ಸಾಕು. ಪ್ರತಿ ಮಾಡಿಕೊಂಡು ಅಸಲನ್ನು ಅಂದೇ ಮನೆಯವರ ಕೈಗೆ ಹಿಂತಿರುಗಿಸಬೇಕು, ಇಲ್ಲದಿದ್ದರೆ ಯಾರೂ ಕೊಡೋಲ್ಲ. ಪಾಲಿಕೆ ಮೈಮುರಿದು ಏಳುವತನಕ ಮನೆಯವರು ಕಾಯಬೇಕಾಗಿಲ್ಲ. ಫೋಟೋ ಹಿಂದೆ ಯಾರು, ಯಾವ ವಿಭಾಗ, ಯಾವ ವರ್ಷ ಎಂದು ಪೆನ್ಸಿಲ್ಲಿನಲ್ಲಿ ಇವತ್ತೇ ಬರೆದಿಡಬಹುದು. ಹೇಳಬಲ್ಲವರ ವಯಸ್ಸು ಆಗಲೇ ಎಂಬತ್ತರ ಹತ್ತಿರ ಬಂದಿದೆ.