ನರದ ಹೊದಿಕೆಗೆ ಚಿತ್ರ ಸಾಲದು, ಅಳತೆ ಬೇಕು

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಆರೋಗ್ಯ ಸೌಲಭ್ಯದ ಮಾತು ಬಂದಾಗ ಸಹಜವಾಗಿ ಹುಟ್ಟುವ ಬೇಡಿಕೆಯೊಂದಿದೆ: ನಮ್ಮ ಊರಿಗೂ ಒಂದು ಎಂಆರ್‌ಐ ಯಂತ್ರ ಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಮಿದುಳು, ಬೆನ್ನುಹುರಿಯ ತೊಂದರೆ ಎಂದೊಡನೆ ಈ ಭಾಗದ ಜನ ಮಿರಜ, ಬೆಳಗಾವಿ ಅಥವಾ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. ಜಮಖಂಡಿ ಮತ್ತು ಮಿರಜ ಎರಡೂ ಪಟವರ್ಧನರ ಸಂಸ್ಥಾನಗಳಾಗಿದ್ದವು. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಭಾಷಾವಾರು ಪ್ರಾಂತ್ಯ ರಚನೆ ಗಡಿಯನ್ನು ಬದಲಿಸಿತೇ ಹೊರತು ರೋಗಿಯ ದಾರಿಯನ್ನಲ್ಲ.

ಆದರೆ ಯಂತ್ರ ಎಲ್ಲಿರಬೇಕು ಎಂಬುದಕ್ಕೆ ಮುಂಚೆ, ಅದು ಏನನ್ನು ಅಳೆಯಬೇಕು ಎಂದು ಕೇಳಬೇಕಾಗಿದೆ. ನರಮಂಡಲದ ಮೈಲಿನ್ ವಿಷಯದಲ್ಲಂತೂ ಈ ಪ್ರಶ್ನೆ ತೀರ ಮುಖ್ಯ.

ಮೈಲಿನ್ ಎಂದರೆ ನರತಂತುವಿನ ಸುತ್ತ ಪದರು ಪದರಾಗಿ ಸುತ್ತಿಕೊಂಡ ಹೊದಿಕೆ. ನೀರಿನಂಶ ಕಳೆದರೆ ಅದರ ತೂಕದಲ್ಲಿ ಶೇ 70ರಷ್ಟು ಅಥವಾ ಅದಕ್ಕೂ ಹೆಚ್ಚು ಕೊಬ್ಬೇ. ಹೊದಿಕೆಯಿಲ್ಲದ ತೆಳು ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ, ಹೊದಿಕೆಯುಳ್ಳ ದಪ್ಪ ತಂತುವಿನಲ್ಲಿ ನೂರು ಮೀಟರ್ ಮೀರಬಲ್ಲದು. ಹೊದಿಕೆ ಕಳಚಿದಾಗ ತಂತು ಉಳಿದಿದ್ದರೂ ಸಂದೇಶ ತಡವಾಗುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ.

ಬನಹಟ್ಟಿಯ ನೇಕಾರನೊಬ್ಬನನ್ನು ಊಹಿಸಿಕೊಳ್ಳಿ. ಕುಣಿಮಗ್ಗದಲ್ಲಿ ಕುಳಿತವನ ಕಣ್ಣು ನೂಲಿನ ಮೇಲಿರುತ್ತದೆ. ಕಾಲು ಎಲ್ಲಿದೆ, ಎಷ್ಟು ಒತ್ತಿದೆ ಎಂಬುದನ್ನು ಅವನು ನೋಡಿ ತಿಳಿಯುವುದಿಲ್ಲ. ಬೆನ್ನುಹುರಿಯ ಹಿಂಭಾಗದ ತಂತುಕಟ್ಟು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಅಲ್ಲಿ ಮೈಲಿನ್ ಕೆಟ್ಟರೆ ಪಾದ ಜೋಮುಗಟ್ಟುತ್ತದೆ, ನೆಲ ಹತ್ತಿಯಂತೆನಿಸುತ್ತದೆ, ಮುಖ ತೊಳೆಯಲು ಕಣ್ಣು ಮುಚ್ಚಿದರೆ ದೇಹ ತೂಗಾಡುತ್ತದೆ. ಮುಧೋಳದ ಕಬ್ಬು ಬೆಳೆಗಾರನಿಗೆ ಇದು ಬೇರೆ ರೀತಿಯಲ್ಲಿ ಅರಿವಾಗುತ್ತದೆ. ತ್ರೀಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದಾಗ ನೀರು ಕಟ್ಟಲು ಹೊರಟವನು ಹಗಲಲ್ಲಿ ಸರಾಗವಾಗಿ ನಡೆದ ಬದುವಿನ ಮೇಲೆಯೇ ಕತ್ತಲಲ್ಲಿ ಬೀಳುತ್ತಾನೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ, ಇಲ್ಲವೇ ಸಕ್ಕರೆ ಕಾಯಿಲೆಯ ಮೇಲೆ ಹಾಕುತ್ತಾರೆ.

ಇದಕ್ಕೆ ಬಹು ಸಾಮಾನ್ಯವಾದ, ಗುಣಪಡಿಸಬಹುದಾದ ಒಂದು ಕಾರಣ ವಿಟಮಿನ್ ಬಿ12ರ ಕೊರತೆ. ಈ ಜೀವಸತ್ವ ಸಹಜವಾಗಿ ದೊರೆಯುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಊಟ ಬೇರೆಲ್ಲ ದೃಷ್ಟಿಯಿಂದ ಉತ್ತಮವಾದರೂ, ಹಾಲು ಮೊಸರು ಕಡಿಮೆಯಾದ ಸಸ್ಯಾಹಾರಿ ಮನೆಯಲ್ಲಿ ಈ ಕೊರತೆ ತಲೆದೋರುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿಯೂ ಅದು ತಗ್ಗುತ್ತದೆ. ಅಂದರೆ ಪಾದದ ಜೋಮನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಾಗ, ಅದೇ ಕಾಯಿಲೆಯ ಮಾತ್ರೆ ಕೊರತೆಯನ್ನು ಹೆಚ್ಚಿಸುತ್ತಿರಬಹುದು. ಚಿಕಿತ್ಸೆ ಅಗ್ಗದ ಚುಚ್ಚುಮದ್ದು. ತಡವಾದರೆ ಮಾತ್ರ ಕಳೆದುಹೋದದ್ದು ಪೂರ್ತಿಯಾಗಿ ಮರಳುವುದಿಲ್ಲ.

ಮೈಲಿನ್ ನಾಶ ಚಳಿ ದೇಶಗಳ ಕಾಯಿಲೆ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ನಾಯಿ ಕಚ್ಚಿದವರ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಕೊಡುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬೇಕು. ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ ಆ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಅದರೊಂದಿಗೆ ಕುರಿಯ ಮೈಲಿನ್ ಕೂಡ ದೇಹವನ್ನು ಸೇರಿ, ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ತಮ್ಮದೇ ಮೈಲಿನ್ ಮೇಲೆ ಎರಗುತ್ತಿತ್ತು. ಪ್ರಾಣ ಉಳಿಸುವ ಮದ್ದಿನಿಂದಲೇ ಕಾಲು ಸ್ವಾಧೀನ ತಪ್ಪಿದವರಿದ್ದರು. ದೇಶದಲ್ಲಿ ಆ ಲಸಿಕೆಯ ತಯಾರಿಕೆ ನಿಂತದ್ದು 2004ರ ಕೊನೆಗೆ. ಇನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮೈಲಿನ್ ರೋಗವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ತನ್ನ 21 ಬಗೆಯ ಪಟ್ಟಿಯಲ್ಲಿ ಸೇರಿಸಿದೆ.

ಈಗ ಯಂತ್ರದ ವಿಷಯ. ಸಾಮಾನ್ಯ ಎಂಆರ್‌ಐ ಮೈಲಿನ್ನನ್ನು ನೇರವಾಗಿ ಕಾಣುವುದಿಲ್ಲ. ಅದು ಕೇಳಿಸಿಕೊಳ್ಳುವುದು ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನ ದನಿಯನ್ನು. ಮೈಲಿನ್ನಿನ ಕೊಬ್ಬಿನ ದನಿಯೋ, ಯಂತ್ರ ಕಿವಿಗೊಡುವುದರೊಳಗೆ ಅಡಗಿಹೋಗಿರುತ್ತದೆ. ಆದ್ದರಿಂದ ವರದಿಯಲ್ಲಿ ಬರುವ ಬಿಳಿ ಮಚ್ಚೆ ಮೈಲಿನ್ ನಾಶವೂ ಇರಬಹುದು, ಬಾವೂ ಇರಬಹುದು, ಹಳೆಯ ಗಾಯದ ಕಲೆಯೂ ಇರಬಹುದು. ಬಿ12 ಕೊರತೆಯಲ್ಲಿ ಬೆನ್ನುಹುರಿಯ ಹಿಂಭಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ ‘ವಿ’ ಆಕಾರದ ಬಿಳುಪು ಕಾಣುವುದುಂಟು. ಕಾಣದಿದ್ದರೆ ರೋಗವಿಲ್ಲ ಎನ್ನುವಂತಿಲ್ಲ.

ಈ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸೊಗಸಾಗಿದೆ. ಮೈಲಿನ್ ಪದರುಗಳ ಸಂದಿಯಲ್ಲಿ ಸಿಕ್ಕಿಬಿದ್ದ ನೀರಿನ ದನಿ ಸುಮಾರು 10ರಿಂದ 40 ಮಿಲಿಸೆಕೆಂಡುಗಳಲ್ಲಿ ಕುಗ್ಗುತ್ತದೆ. ಹೊರಗಿನ ನೀರಿನದು ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಒಂದರ ಹಿಂದೊಂದರಂತೆ ಅನೇಕ ಪ್ರತಿಧ್ವನಿಗಳನ್ನು ಅಳೆದು ಈ ಎರಡನ್ನೂ ಬೇರ್ಪಡಿಸಿದರೆ, ಒಟ್ಟು ನೀರಿನಲ್ಲಿ ಮೈಲಿನ್ ನೀರಿನ ಪಾಲೆಷ್ಟು ಎಂಬ ಸಂಖ್ಯೆ ಸಿಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆಕ್ಸ್ ಮೆಕೇ ಮತ್ತು ಸಂಗಡಿಗರು 1994ರಲ್ಲಿ ಜೀವಂತ ಮಿದುಳಿನಲ್ಲಿ ಇದನ್ನು ತೋರಿಸಿಕೊಟ್ಟರು. ಮುಂದೆ ಮೃತರ ಮಿದುಳಿನ ತುಣುಕುಗಳಿಗೆ ಬಣ್ಣ ಹಾಕಿ ಹೋಲಿಸಿದಾಗ ಲೆಕ್ಕ ಬಹುಮಟ್ಟಿಗೆ ತಾಳೆಯಾಯಿತು. ಕೊಬ್ಬಿಗೂ ನೀರಿಗೂ ನಡುವೆ ಕಾಂತತ್ವ ವರ್ಗಾವಣೆಯಾಗುವುದನ್ನು ಅಳೆಯುವ ಇನ್ನೊಂದು ವಿಧಾನ 1989ರಿಂದ ಬಳಕೆಯಲ್ಲಿದೆ. ಈ ವಿದ್ಯೆ ನಮಗೆ ತೀರ ಪರಕೀಯವೇನಲ್ಲ: ಎಂಆರ್‌ಐ ಹುಟ್ಟುವ ಮೊದಲೇ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಇದೇ ಕಾಂತೀಯ ಅನುರಣನವನ್ನು ಅಳೆದು ಪ್ರಬಂಧ ಪ್ರಕಟಿಸಿದ್ದರು.

ಇದು ಪರೋಕ್ಷ ಅಳತೆ ಎಂಬುದನ್ನು ಮರೆಯಲಾಗದು. ಕಬ್ಬು ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಅವರ ದರ ಸಕ್ಕರೆ ಇಳುವರಿಯ ಶೇಕಡಾವಾರಿಗೆ ತಳುಕು ಹಾಕಿಕೊಂಡಿದೆ. ಇಳುವರಿಯನ್ನು ಯಾರು ಅಳೆದರು, ಯಾವ ಯಂತ್ರದಲ್ಲಿ ಅಳೆದರು, ಆ ಯಂತ್ರವನ್ನು ಯಾರು ಪರೀಕ್ಷಿಸಿದರು ಎಂದು ಅವರು ಪ್ರತಿ ಹಂಗಾಮಿನಲ್ಲೂ ಕೇಳುತ್ತಾರೆ, ಕೇಳಲೇಬೇಕು. ಮೈಲಿನ್ ಅಳತೆಗೂ ಅವೇ ಪ್ರಶ್ನೆಗಳು ಅನ್ವಯಿಸುತ್ತವೆ. ಬಾವಿನಿಂದ ನೀರು ಹೆಚ್ಚಿದರೆ ಪಾಲು ಕಡಿಮೆಯಾದಂತೆ ತೋರುತ್ತದೆ, ಅಂಗಾಂಶದ ಕಬ್ಬಿಣವೂ ಲೆಕ್ಕ ತಪ್ಪಿಸಬಲ್ಲದು. ಒಂದು ತಯಾರಕರ ಯಂತ್ರದ ಸಂಖ್ಯೆ ಇನ್ನೊಬ್ಬರ ಯಂತ್ರದ್ದಕ್ಕೆ ಸರಿಹೊಂದದು. ಮಿರಜದಲ್ಲಿ ಮೊದಲ ಬಾರಿ, ಹುಬ್ಬಳ್ಳಿಯಲ್ಲಿ ಎರಡನೇ ಬಾರಿ ಸ್ಕ್ಯಾನ್ ಮಾಡಿಸಿದ ರೋಗಿಗೆ ಮೈಲಿನ್ ಚೇತರಿಸಿಕೊಂಡಿದೆಯೇ, ಕುಸಿದಿದೆಯೇ ಎಂದು ಹೇಳಲು ಇಂದು ಆಧಾರ ಸಾಲದು. ಅವನ ಕೈಯಲ್ಲಿರುವುದು ಎರಡು ಫಿಲ್ಮು, ಎರಡು ವರದಿ.

ಹೀಗಿರುವಾಗ ನಾಲ್ಕು ತಾಲ್ಲೂಕಿಗೂ ನಾಲ್ಕು ಯಂತ್ರ ಎಂಬ ಬೇಡಿಕೆಯನ್ನು ನಾನು ಅನುಮೋದಿಸಲಾರೆ. ಸ್ಥಳೀಯರಿಗೆ ಈ ಮಾತು ರುಚಿಸದಿರಬಹುದು. ಹಣಕ್ಕೆ ಇದಕ್ಕಿಂತ ಉತ್ತಮ ಉಪಯೋಗವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ12 ರಕ್ತಪರೀಕ್ಷೆ, ಪಾದದ ಕಂಪನ ಸಂವೇದನೆ ನೋಡಲು ಒಂದು ಶ್ರುತಿಕವೆ, ಕಣ್ಣು ಮುಚ್ಚಿ ನಿಲ್ಲಿಸಿ ನೋಡುವ ಎರಡು ನಿಮಿಷದ ವ್ಯವಧಾನ, ತಪ್ಪದೆ ಸಿಗುವ ಚುಚ್ಚುಮದ್ದು ಮೊದಲು ಖಾತರಿಯಾಗಲಿ. ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರದ ವೃದ್ಧೆಯೊಬ್ಬಳು ಸ್ಕ್ಯಾನಿಗಾಗಿ ಸಾಲ ಮಾಡಿ ಊರೂರು ಅಲೆಯುವ ಮೊದಲೇ ಅವಳ ಕಾಲು ಉಳಿಯಬಹುದು.

ಸ್ಕ್ಯಾನ್ ನಿಜವಾಗಿ ಬೇಕಾದವರಿಗೆ ಜಿಲ್ಲಾ ಮಟ್ಟದ ಯಂತ್ರ ಸಾಕು, ಆದರೆ ಅದು ಅಳೆಯುವ ಯಂತ್ರವಾಗಿರಬೇಕು. ಸರ್ಕಾರಿ ಟೆಂಡರುಗಳ ಭಾಷೆ ನನಗೆ ಚೆನ್ನಾಗಿ ಗೊತ್ತು: ಎಷ್ಟು ಟೆಸ್ಲಾ, ಎಷ್ಟು ವರ್ಷದ ವಾರಂಟಿ, ದಿನಕ್ಕೆ ಎಷ್ಟು ಸ್ಕ್ಯಾನ್. ಖಾಸಗಿ ಸಹಭಾಗಿತ್ವದಲ್ಲಿ ಸ್ಕ್ಯಾನಿಗಿಷ್ಟು ಎಂದು ಹಣ ಪಾವತಿಯಾಗುವಾಗ, ಮೈಲಿನ್ ಅಳೆಯಲು ಬೇಕಾದ ಹೆಚ್ಚುವರಿ ಹತ್ತು-ಹದಿನೈದು ನಿಮಿಷ ಗುತ್ತಿಗೆದಾರನಿಗೆ ನಷ್ಟ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಯಾವುದಕ್ಕೆ ದುಡ್ಡು ಕೊಡುತ್ತೇವೋ ಅದೇ ಸಿಗುತ್ತದೆ. ಆಯ್ದ ರೋಗಿಗಳಿಗೆ ಈ ಅಳತೆಗೆ ಪ್ರತ್ಯೇಕ ದರ ನಿಗದಿ ಮಾಡಬೇಕು. ಗೊತ್ತಾದ ಗುಣದ ದ್ರಾವಣ ತುಂಬಿದ ಮಾದರಿಯನ್ನು ನಿಯತವಾಗಿ ಯಂತ್ರದಲ್ಲಿಟ್ಟು ಪರೀಕ್ಷಿಸುವುದನ್ನು, ಮೂಲ ದತ್ತಾಂಶವನ್ನು ಆಸ್ಪತ್ರೆಗೆ ಒಪ್ಪಿಸುವುದನ್ನು ಕರಾರಿನಲ್ಲಿಯೇ ಬರೆಯಬೇಕು.

ಹೋಲಿಕೆಗೆ ಆರೋಗ್ಯವಂತರ ಅಳತೆಯೂ ಬೇಕು. ವ್ಯಾಂಕೂವರಿನ ಸ್ವಯಂಸೇವಕರ ಸರಾಸರಿಯನ್ನು ರಬಕವಿಯ ಅರವತ್ತರ ನೇಕಾರನಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ನೇತೃತ್ವ ವಹಿಸಬಲ್ಲದು. 1995ರಲ್ಲಿ ಸ್ಥಾಪನೆಯಾದ ಅದರ ಮಿದುಳು ಬ್ಯಾಂಕಿನಲ್ಲಿ ದಾನವಾಗಿ ಬಂದ ಅಂಗಾಂಶಗಳೊಡನೆ ಸ್ಕ್ಯಾನಿನ ಸಂಖ್ಯೆಗಳನ್ನು ತಾಳೆ ನೋಡಬಹುದು. ಆರೋಗ್ಯವಂತ ಸ್ವಯಂಸೇವಕರು ಮಾತ್ರ ಬೆಂಗಳೂರಿನವರೇ ಆಗದೆ, ಈ ನಾಲ್ಕು ತಾಲ್ಲೂಕಿನ ಮಗ್ಗ ಮತ್ತು ಹೊಲಗಳಿಂದಲೂ ಬರಲಿ. ಅವರ ಬಸ್ ಚಾರ್ಜು ಮತ್ತು ಆ ದಿನದ ಕೂಲಿಯನ್ನು ಯೋಜನೆಯ ವೆಚ್ಚದಲ್ಲಿಯೇ ಸೇರಿಸಬೇಕಾಗುತ್ತದೆ.