ದಾರಿಯ ನಡುವಣ ಊರು

ಮಂಗಳೂರು-ಬೆಂಗಳೂರು ಹೆದ್ದಾರಿಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಎಷ್ಟು ಗಂಟೆಯಲ್ಲಿ ತಲಪಬಹುದು? ಇದು ಎರಡು ತುದಿಯ ನಗರಗಳ ಪ್ರಶ್ನೆ. ನಡುವಣ ಊರುಗಳಿಗೂ ಒಂದು ಪ್ರಶ್ನೆಯಿದೆಯೆಂಬುದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ಉಪ್ಪಿನಂಗಡಿಯನ್ನು ಮುಂದಿಟ್ಟುಕೊಂಡು ಅದನ್ನು ವಿಚಾರಿಸೋಣ.

ಭೂಪಟವನ್ನು ತೆರೆದು ನೋಡಿರಿ. ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಸ್ಥಳವದು. ಸಹ್ಯಾದ್ರಿಯಂತಹ ಕಡಿದಾದ ಗೋಡೆಯನ್ನು ಏರಬೇಕಾದರೆ ಮನುಷ್ಯನಿಗೆ ಹೊಳೆಗಳು ಕೊರೆದಿಟ್ಟ ಕಣಿವೆಗಳೇ ಗತಿ. ನೇತ್ರಾವತಿಯ ಕಡೆಯ ಕಣಿವೆಗಳು ಚಾರ್ಮಾಡಿಗೆ ಮುಖಮಾಡಿವೆ. ಕುಮಾರಧಾರೆಯನ್ನು ಸೇರುವ ಗುಂಡ್ಯ ಹೊಳೆಯ ಕಣಿವೆ ಶಿರಾಡಿಗೆ ಕರೆದೊಯ್ಯುತ್ತದೆ. ನೀರು ಕೂಡುವಲ್ಲಿಯೇ ದಾರಿಗಳೂ ಕೂಡಿದವು. ದಾರಿಗಳು ಕೂಡಿದಲ್ಲಿ ಪೇಟೆ ಬೆಳೆಯಿತು. ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವೇರುತ್ತಿದ್ದ ಕಾಲವನ್ನು ಊರಿನ ಹೆಸರೇ ಹೇಳುತ್ತದೆ. (ತುಳುವರಿಗೆ ಮಾತ್ರ ಅದು ಎಂದೆಂದಿಗೂ ಉಬಾರ್.) 19ನೆಯ ಶತಮಾನದಲ್ಲಿ ಇಂದಿನ ಪುತ್ತೂರು ಸೀಮೆಯನ್ನೊಳಗೊಂಡ ತಾಲ್ಲೂಕಿಗೇ ಉಪ್ಪಿನಂಗಡಿಯ ಹೆಸರಿತ್ತು. 1923ರ ಮಹಾನೆರೆ ಈ ನದಿಯ ದಂಡೆಯ ಪೇಟೆಗಳನ್ನು ನುಂಗಿದುದನ್ನು ಜಿಲ್ಲೆಯ ಜನ ಇಂದಿಗೂ ಮರೆತಿಲ್ಲ.

ಆಮೇಲಿನ ದಾರಿಗಳನ್ನು ಎಳೆದುದು ನಗರಗಳ ಅಗತ್ಯ. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಮಂಗಳೂರು-ಹಾಸನ ರೈಲುಮಾರ್ಗ 1979ರಲ್ಲಿ ಪೂರ್ಣವಾಯಿತು. ರೈಲು ಉಪ್ಪಿನಂಗಡಿಯನ್ನು ಮುಟ್ಟದೆ ಕಬಕ-ಪುತ್ತೂರಿನ ಮೇಲೆ ಹಾದುಹೋಯಿತು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ 50 ಮೀಟರು ಮುಂದೆ ಹೋದರೆ ಒಂದು ಮೀಟರು ಏರುವ ಹಾದಿಯದು. ಸುಮಾರು 800 ಮೀಟರು ಎತ್ತರವನ್ನು ಹೀಗೆ ಏರಲು 40 ಕಿಲೋಮೀಟರಾದರೂ ಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ವಾಸ್ತವದಲ್ಲಿ ಹಾದಿ 55 ಕಿಲೋಮೀಟರು, ಸುರಂಗಗಳು 57.

ಇಲ್ಲಿಯೇ ತೊಡಕಿರುವುದು. ಹೆದ್ದಾರಿಯೂ ರೈಲೂ ಗುಂಡ್ಯದ ಆಸುಪಾಸಿನ ಒಂದೇ ಬೆಟ್ಟಸಾಲನ್ನು ನಂಬಿವೆ. ಒಂದು ಕೆಟ್ಟರೆ ಇನ್ನೊಂದು ಇದೆಯೆಂಬುದು ಕಾಗದದ ಮೇಲಿನ ಸಮಾಧಾನ. 2018ರ ಆಗಸ್ಟಿನಲ್ಲಿ ಮಳೆ ಸುರಿದಾಗ ಎರಡೂ ಕಡಿದುಹೋದವು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿಯ ಬಳಿ ರೈಲುಮಾರ್ಗ ಕುಸಿಯಿತು, ಅದೇ ವಾರ ಶಿರಾಡಿಯ ರಸ್ತೆಯ ಮೇಲೂ ಗುಡ್ಡ ಜಾರಿತು. ಆಗ ನಗರಗಳಿಗೆ ಸಾಮಾನು ತಡವಾಗುತ್ತದೆ. ನಡುವಣ ಊರಿನ ಪಾಡೇ ಬೇರೆ. ನಿಂತ ಲಾರಿಗಳ ಸಾಲೂ, ದಾರಿ ಬದಲಿಸಿದ ಬಸ್ಸುಗಳೂ ಅದರ ಪಾಲಿಗೆ ಬರುತ್ತವೆ.

ಅಪಾಯವೂ ಅದರ ಪಾಲಿನದೇ. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಗೆ ಸಮೀಪದ ಪೆರ್ನೆಯಲ್ಲಿ ಅನಿಲದ ಟ್ಯಾಂಕರೊಂದು ಉರುಳಿ ಬೆಂಕಿ ಹತ್ತಿದಾಗ ಸತ್ತವರಲ್ಲಿ ರಸ್ತೆಬದಿಯ ನಿವಾಸಿಗಳಿದ್ದರು. ಆ ಅನಿಲ ಅವರ ಊರಿಗಾಗಿ ಹೊರಟುದಲ್ಲ. ಈಗ ಮಂಗಳೂರಿನಿಂದ ಹಾಸನ, ಮೈಸೂರು, ಬೆಂಗಳೂರುಗಳಿಗೆ ಅನಿಲವನ್ನು ಹಾಯಿಸುವ ಕೊಳವೆಯಿದೆ. ರಸ್ತೆಯ ಹೊರೆಯನ್ನು ವಿಜ್ಞಾನ ಇಳಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಹಾಗಾದರೆ ನಗರಗಳು ದಾರಿಗಳನ್ನು ಬೆಳೆಸಬಾರದೆ? ಬೆಳೆಸಲೇಬೇಕು. ಬಂದರಿಲ್ಲದೆ, ಬೆಂಗಳೂರಿನ ಮಾರುಕಟ್ಟೆಯಿಲ್ಲದೆ ಈ ಹೆದ್ದಾರಿಗೆ ಹಣ ಸುರಿಯುವವರಾರು? ನಮ್ಮ ತಕರಾರು ಅಳತೆಗೋಲಿನ ಬಗೆಗೆ ಮಾತ್ರ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ 2017ರಲ್ಲಿ ತೊಡಗಿ, ನಡುವೆ ನಿಂತು, ಮತ್ತೆ ಆರಂಭವಾಯಿತು. ಅಷ್ಟು ವರ್ಷ ಧೂಳು ತಿಂದವರಿಗೆ ಆ ರಸ್ತೆ ಏನು ಕೊಡುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಡಬದ ಕಡೆಯ ಅಡಕೆ ಬೆಳೆಗಾರನು ಪುತ್ತೂರಿನ ಪೇಟೆಗೆ ಹೋಗುವಾಗ, ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುವಾಗ, ಮಕ್ಕಳು ಶಾಲೆಗೆ ರಸ್ತೆ ದಾಟುವಾಗ ಅದು ಎಷ್ಟರಮಟ್ಟಿಗೆ ಅನುಕೂಲ? ಉಪ್ಪಿನಂಗಡಿಯ ಬಸ್ಸುಗಳು ಪುತ್ತೂರಿನ ರೈಲಿನ ವೇಳೆಗೆ ಹೊಂದಿಕೊಂಡಿದ್ದರೆ, ಲಾರಿಗಳಿಗೆ ಪೇಟೆಯ ಹೊರಗೆ ತಂಗುದಾಣವಿದ್ದರೆ, ಘಟ್ಟ ಮುಚ್ಚಿದ ಸುದ್ದಿ ಚಾಲಕರಿಗೆ ಇಲ್ಲಿಯೇ ಸಿಕ್ಕುವಂತಿದ್ದರೆ, ಹಾದುಹೋಗುವ ಊರು ಕೂಡುವ ಊರಾಗುವುದು. ಇವುಗಳಿಗೆ ಸುರಂಗದಷ್ಟು ಹಣ ಬೇಡ.

ಆ ಕಡೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ಬೇಸಗೆಯಲ್ಲೊಂದು ದಿನ, ಆಷಾಢದ ಮಳೆಯಲ್ಲೊಂದು ದಿನ ಉಪ್ಪಿನಂಗಡಿಯ ಕೂಡುರಸ್ತೆಯ ಬದಿಯಲ್ಲಿ, ಸುರಕ್ಷಿತವಾದ ಸ್ಥಳದಲ್ಲಿ ಕುಳಿತು, ಬೆಳಗಿನಿಂದ ಸಂಜೆಯವರೆಗೆ ವಾಹನಗಳನ್ನು ಎಣಿಸಿರಿ. ಎಷ್ಟು ನಿಲ್ಲದೆ ಹೋದವು, ಎಷ್ಟು ಊರಿಗಾಗಿ ಬಂದವು, ಎಷ್ಟು ಪುತ್ತೂರಿನತ್ತ ತಿರುಗಿದವೆಂದು ಬೇರೆಬೇರೆ ಬರೆದಿಡಿರಿ. ಆ ಪಟ್ಟಿಯನ್ನು ಸ್ಥಳೀಯ ಆಡಳಿತಕ್ಕೂ ಹೆದ್ದಾರಿಯ ಇಂಜಿನಿಯರರಿಗೂ ಕೊಡಿರಿ.