ಬೋರ್ಡಿನಲ್ಲಿ 60 ಕಿಲೋವ್ಯಾಟ್, ಕಾರಿಗೆ ಬಂದಿದ್ದು 28: ಚಾರ್ಜಿಂಗ್ ಸ್ಟೇಷನ್‌ನಲ್ಲಿ ಮೋಸ ನಡೆಯುತ್ತಿದೆಯೇ?

ಹೆದ್ದಾರಿ ಬದಿಯ ಚಾರ್ಜಿಂಗ್ ಯಂತ್ರದ ಪರದೆಯ ಫೋಟೊ, ಅದರ ಕೆಳಗೆ ಎರಡು ಸಾಲು ಸಿಟ್ಟು. 60 ಕಿಲೋವ್ಯಾಟ್ ಎಂದು ಬೋರ್ಡ್ ಹಾಕಿ 28 ಕೊಡುತ್ತಾರೆ, ದುಡ್ಡು ಮಾತ್ರ ಪೂರ್ತಿ ಕೀಳುತ್ತಾರೆ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಫೋಟೊದಲ್ಲಿರುವ ಅಂಕಿ ನಿಜವೇ ಇರಬಹುದು. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಕಿಲೋವ್ಯಾಟ್ ಎಂದರೆ ವಿದ್ಯುತ್ ಹರಿಯುವ ವೇಗ. ಬಿಲ್ ಆಗುವುದು ಸಾಮಾನ್ಯವಾಗಿ ಯೂನಿಟ್ ಲೆಕ್ಕದಲ್ಲಿ, ಅಂದರೆ ಕಾರಿಗೆ ಹೋದ ಒಟ್ಟು ವಿದ್ಯುತ್ತಿಗೆ. ನಲ್ಲಿ ಸಣ್ಣಗೆ ಬಂದರೆ ಕೊಡ ತುಂಬಲು ಹೊತ್ತು ಹಿಡಿಯುತ್ತದೆ, ಕೊಡದ ನೀರಿನ ಅಳತೆ ಬದಲಾಗುವುದಿಲ್ಲ. ವೇಗ ಕಡಿಮೆಯಾದರೆ ನಿಮ್ಮ ಸಮಯ ಹೋಗುತ್ತದೆ, ಹಣವಲ್ಲ.

ಹಾಗಾದರೆ ವೇಗ ಕಡಿಮೆಯಾಗಿದ್ದು ಏಕೆ? ಮೊದಲು ಪಕ್ಕಕ್ಕೆ ನೋಡಿ. ಎರಡು ಗನ್ ಇರುವ ಹಲವು ಯಂತ್ರಗಳಲ್ಲಿ ಬೋರ್ಡಿನ ಮೇಲಿರುವುದು ಎರಡೂ ಸೇರಿದ ಸಾಮರ್ಥ್ಯ. ಇನ್ನೊಂದು ಗನ್ ಬೇರೆ ಕಾರಿನಲ್ಲಿದ್ದರೆ 60 ಒಡೆದು 30–30 ಆಗುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕಾರಣ ಹೆಚ್ಚಾಗಿ ನಿಮ್ಮ ಕಾರಿನಲ್ಲೇ ಇರುತ್ತದೆ. ಗನ್ ಸಿಕ್ಕಿಸಿದ ಕೂಡಲೇ ಕಾರಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆ ತನಗೆ ಎಷ್ಟು ಬೇಕೆಂದು ಯಂತ್ರಕ್ಕೆ ಹೇಳುತ್ತದೆ, ಯಂತ್ರ ಅದಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. 120 ಕಿಲೋವ್ಯಾಟ್ ಯಂತ್ರದ ಮುಂದೆ ನಿಂತರೂ 50 ಕಿಲೋವ್ಯಾಟ್ ಮಿತಿಯ ಕಾರು ಐವತ್ತನ್ನೇ ತೆಗೆದುಕೊಳ್ಳುತ್ತದೆ. ಬ್ಯಾಟರಿ ತೀರಾ ಬಿಸಿಯಾಗಿದ್ದರೆ ಅಷ್ಟೂ ಇಲ್ಲ.

ಶೇ. 80 ದಾಟಿದ ಮೇಲಿನ ಆಮೆ ನಡಿಗೆಗೂ ಇದೇ ಕಾರಣ. ತುಂಬುತ್ತ ಬಂದ ಬ್ಯಾಟರಿಗೆ ಅದೇ ವೇಗದಲ್ಲಿ ವಿದ್ಯುತ್ ನುಗ್ಗಿಸಿದರೆ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಸೇರುವ ಬದಲು ಮೇಲೆಯೇ ಲೋಹವಾಗಿ ಕೂರುವ ಅಪಾಯವಿದೆ. ಬ್ಯಾಟರಿಯ ಆಯಸ್ಸು, ಸುರಕ್ಷತೆ ಎರಡಕ್ಕೂ ಅದು ಕೇಡು. ಪ್ರಯಾಣದಲ್ಲಿ ನೂರು ತುಂಬಿಸುತ್ತ ಕೂರುವುದಕ್ಕಿಂತ ಎಂಬತ್ತಕ್ಕೆ ಹೊರಟು ಮುಂದೆ ಇನ್ನೊಮ್ಮೆ ನಿಲ್ಲುವುದು ಬೇಗ ಆಗುತ್ತದೆ. ಹಿಂದೆ ಸಾಲಿನಲ್ಲಿ ಕಾಯುತ್ತಿರುವವರಿಗೂ ಒಳ್ಳೆಯದು. ಅಂದಹಾಗೆ, ಚಾರ್ಜ್ ಆಗುವಾಗ ಏಸಿ ಹಾಕಿಕೊಂಡು ಒಳಗೇ ಕುಳಿತಿದ್ದರೆ ಆ ವಿದ್ಯುತ್ತೂ ನಿಮ್ಮ ಬಿಲ್ಲಿಗೇ ಸೇರುತ್ತದೆ. ಬಿಲ್ಲಿನ ಯೂನಿಟ್‌ಗೂ ಬ್ಯಾಟರಿಯಲ್ಲಿ ಏರಿದ ಯೂನಿಟ್‌ಗೂ ಸ್ವಲ್ಪ ವ್ಯತ್ಯಾಸ ಕಾಣುವುದಕ್ಕೆ ಅದೂ ಒಂದು ಕಾರಣ.

ಮಳೆಯಲ್ಲಿ ಗನ್ ಹಿಡಿದರೆ ಶಾಕ್ ಹೊಡೆಯುತ್ತದೆ ಎಂಬುದು ಇನ್ನೊಂದು ಭಯ. ನಮ್ಮಲ್ಲಿ ಕಾರುಗಳ ವೇಗದ ಚಾರ್ಜಿಂಗ್‌ಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಸಿಸಿಎಸ್2 ಗನ್. ಕಾರಿಗೆ ಸೇರುವವರೆಗೆ ಅದರ ದಪ್ಪ ಪಿನ್ನುಗಳಲ್ಲಿ ವಿದ್ಯುತ್ ಇರುವುದಿಲ್ಲ. ಸೇರಿದ ಮೇಲೆ ಗನ್ ಲಾಕ್ ಆಗಬೇಕು, ಎಲ್ಲಿಯೂ ಸೋರಿಕೆ ಇಲ್ಲವೆಂದು ಯಂತ್ರ ಪರೀಕ್ಷಿಸಬೇಕು, ಆಮೇಲಷ್ಟೇ ವಿದ್ಯುತ್ ಹರಿಯುತ್ತದೆ. ನನ್ನ ಪ್ರಕಾರ ಹೆಚ್ಚು ಹೆದರಬೇಕಾದದ್ದು ಲಾಡ್ಜಿನ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ರಾತ್ರಿಯಿಡೀ ಚಾರ್ಜಿಗೆ ಹಾಕುವ ಅಭ್ಯಾಸಕ್ಕೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಸಾಕೆಟ್ ಗಂಟೆಗಟ್ಟಲೆ ಬಿಸಿಯಾಗಿ ಕರಗಬಹುದು. ಗನ್ ಒಡೆದಿದ್ದರೆ, ಕೇಬಲ್ ಸುಲಿದಿದ್ದರೆ ಅಥವಾ ಯಂತ್ರದ ಬುಡದಲ್ಲಿ ನೀರು ನಿಂತಿದ್ದರೆ ಮುಟ್ಟಬೇಡಿ.

ನಿಜವಾದ ತಾಪತ್ರಯ ಬೇರೆಡೆ ಇದೆ, ಅದು ಅಷ್ಟಾಗಿ ಫಾರ್ವರ್ಡ್ ಆಗುವುದಿಲ್ಲ. ಚಾರ್ಜಿಂಗ್ ಸ್ಟೇಷನ್ ಹಾಕಲು ಪರವಾನಗಿ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿ.ಮೀ.ಗೊಂದು ಸ್ಟೇಷನ್ ಇರಬೇಕೆಂದಿತು. ಹಲವು ಕಂಪನಿಗಳು ಬಂದವು, ಅವುಗಳ ಹಿಂದೆ ಹಲವು ಆ್ಯಪ್‌ಗಳು, ಹಲವು ವ್ಯಾಲೆಟ್‌ಗಳು. ಇಲ್ಲಿ ಇನ್ನೂರು, ಅಲ್ಲಿ ಮುನ್ನೂರು ರೂಪಾಯಿ ಸಿಕ್ಕಿಕೊಳ್ಳುತ್ತದೆ. ಆ್ಯಪ್‌ನಲ್ಲಿ ಹಸಿರು ಗುರುತು ಕಂಡು ಹೋದರೆ ಯಂತ್ರ ಕೆಟ್ಟಿರಬಹುದು, ಅಥವಾ ಅದರ ಮುಂದೆ ಪೆಟ್ರೋಲ್ ಕಾರು ನಿಂತಿರಬಹುದು. ಹಾಗಾಗಿ ಗುರುತಿನ ಬಣ್ಣಕ್ಕಿಂತ ಅಲ್ಲಿ ಕೊನೆಯ ಬಾರಿ ಯಾವಾಗ ಚಾರ್ಜ್ ಆಗಿದೆ ಎಂಬುದನ್ನು ನೋಡಿ. ಪ್ಲಗ್‌ಶೇರ್‌ನಂಥ ಆ್ಯಪ್‌ಗಳಲ್ಲಿ ಬಳಕೆದಾರರೇ ಇದನ್ನು ಬರೆಯುತ್ತಾರೆ.

ನಕ್ಷೆಯ ಕಿಲೋಮೀಟರನ್ನೇ ನಂಬಿದರೆ ಘಾಟಿಯಲ್ಲಿ ಲೆಕ್ಕ ತಪ್ಪುತ್ತದೆ. ಮಂಗಳೂರು ಇರುವುದು ಸಮುದ್ರಮಟ್ಟದಲ್ಲಿ, ಶಿರಾಡಿ ಹತ್ತಿ ಸೇರುವ ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿ. ಜನ, ಸಾಮಾನು ಸೇರಿ 1,800 ಕೆ.ಜಿ. ತೂಗುವ ಕಾರನ್ನು ಅಷ್ಟು ಮೇಲಕ್ಕೆತ್ತಲು ಕನಿಷ್ಠ 4.4 ಯೂನಿಟ್ ಬೇಕು. ಯೂನಿಟ್‌ಗೆ 7 ಕಿ.ಮೀ. ಓಡುವ ಕಾರಿಗೆ ಇದು ಸಮತಟ್ಟು ರಸ್ತೆಯ 30 ಕಿ.ಮೀ.ಗೆ ಸಮ. ಇಳಿಯುವಾಗ ಇದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ. ಆದ್ದರಿಂದ ಬೆಂಗಳೂರಿನಿಂದ ಹೋಗುವಾಗ ಸಾಕಾದ ಚಾರ್ಜ್ ಬರುವಾಗ ಸಾಲದು. ಹಿಂತಿರುಗುವ ದಿನ ಘಾಟಿ ಹತ್ತುವ ಮೊದಲೇ, ಕೆಳಗೇ ಚಾರ್ಜ್ ಮಾಡಿಕೊಳ್ಳಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಆ್ಯಪ್ ಇದ್ದೂ ಉಪಯೋಗವಿಲ್ಲ.